ಬೋರ್ಡಿದೆ, ಗಿಡ ಇಲ್ಲ

ಬೊಟಾನಿಕಲ್ ಗಾರ್ಡನ್ ಸುತ್ತಿ ಬಂದ ಸಂಜೆ ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಒಟ್ಟು 287 ಫೋಟೋ. ಎಣಿಸುವ ಬುದ್ಧಿ ಯಾಕೆ ಬಂತೋ ಗೊತ್ತಿಲ್ಲ, ಕೂತು ಎಣಿಸಿದೆ. ಅದರಲ್ಲಿ 131 ಬೋರ್ಡುಗಳದ್ದು.

ಮರದ್ದಲ್ಲ, ಎಲೆಯದ್ದಲ್ಲ, ಎಲೆಯ ತುದಿಯಲ್ಲಿ ನಿಂತ ನೀರಹನಿಯದ್ದೂ ಅಲ್ಲ. ಬೋರ್ಡು. ಗಿಡದ ಬುಡದಲ್ಲಿ ಒಂದು ಕಡ್ಡಿಯ ಮೇಲೆ ಅಂಗೈ ಅಗಲದ ಕಪ್ಪು ಫಲಕ ಇರುತ್ತದಲ್ಲ, ಬಿಳಿ ಅಕ್ಷರದಲ್ಲಿ ಬಾಯಿಗೆ ಬಾರದ ಹೆಸರು ಬರೆದಿರುತ್ತದಲ್ಲ, ಅದು.

ಅಕ್ಕ ಹಿಂದಿನಿಂದ ಬಗ್ಗಿ ನೋಡಿದಳು. "ಇದನ್ನ ತೆಗೆಯೋಕೆ ಅಷ್ಟು ಭಾರ ಹೊತ್ಕೊಂಡು ಬಂದ್ಯಾ?"

ನನ್ನ ಕಡೆಯಿಂದಲೂ ಹೇಳುವುದಿದೆ. ನನಗೆ ಗಿಡಗಳ ಹೆಸರು ನೆನಪಿರುವುದಿಲ್ಲ. ಮನುಷ್ಯರ ಹೆಸರೇ ನಿಲ್ಲದ ತಲೆಯಲ್ಲಿ ಲ್ಯಾಟಿನ್ ಎಲ್ಲಿ ನಿಲ್ಲಬೇಕು? ಹಾಗಾಗಿ ಮೊದಲು ಬೋರ್ಡಿನದೊಂದು ಫೋಟೋ, ಆಮೇಲೆ ಮರದ್ದು. ಸಿನಿಮಾ ಶೂಟಿಂಗಿನಲ್ಲಿ ಶಾಟ್‌ಗೆ ಮೊದಲು ಕ್ಲ್ಯಾಪ್ ಬೋರ್ಡ್ ತೋರಿಸುತ್ತಾರಲ್ಲ, ಹಾಗೆ. ತೊಂದರೆ ಏನೆಂದರೆ, ಈ ಸಲ ಎಷ್ಟೋ ಕಡೆ ಕ್ಲ್ಯಾಪ್ ಆದ ಮೇಲೆ ನಟರೇ ಬರಲಿಲ್ಲ.

ನಾವು ಹೋದದ್ದೇ ತಡವಾಗಿ. ಈ ಚಳಿ ನಾಡಿನಲ್ಲಿ ಎಲೆಗಳು ಬಣ್ಣ ತಿರುಗಿ ಮರಗಳೆಲ್ಲ ಹೊತ್ತಿಕೊಂಡ ಹಾಗೆ ಕಾಣುವುದು ಎರಡು ಮೂರು ವಾರ ಅಷ್ಟೆ. ಎಲ್ಲರೂ ಆಗ ಹೋಗುತ್ತಾರೆ. ನಾವೂ ಹೋಗುವವರೇ ಇದ್ದೆವು. ಒಂದು ವಾರ ಅಕ್ಕನಿಗೆ ನೆಗಡಿ. ಮುಂದಿನ ವಾರ ಮಳೆ. ಅದರ ಮುಂದಿನ ವಾರ ಏನಾಗಿತ್ತು ಅಂತ ಈಗ ಇಬ್ಬರಿಗೂ ನೆನಪಿಲ್ಲ. ಕೊನೆಗೂ ದಿನ ಗೊತ್ತುಮಾಡಿದರೆ, ಹಿಂದಿನ ರಾತ್ರಿ ಗಾಳಿ ಬೀಸಿ ಕೊಂಬೆಗಳ ಮೇಲೆ ಉಳಿದದ್ದನ್ನೂ ಗುಡಿಸಿ ಹಾಕಿತು.

"ಎಲ್ಲ ಉದುರಿದ ಮೇಲೆ ನೋಡೋಕೆ ಏನಿದೆ?" ಅಂದಳು ಅಕ್ಕ.

"ಬೆಳಕು ಚೆನ್ನಾಗಿರುತ್ತೆ ಕಣೇ" ಅಂದೆ.

ಫೋಟೋ ತೆಗೆಯುವವರು ಬೇರೇನೂ ತೋಚದಾಗ ಹೇಳುವ ಮಾತು ಇದು. ಆದರೆ ಪೂರ್ತಿ ಸುಳ್ಳಲ್ಲ. ಈ ದಿನಗಳಲ್ಲಿ ಸೂರ್ಯ ನೆತ್ತಿಗೆ ಬರುವ ಗೋಜಿಗೇ ಹೋಗುವುದಿಲ್ಲ. ನಡು ಮಧ್ಯಾಹ್ನವೂ ಆಕಾಶದ ಬದಿಯಲ್ಲೇ ಓಡಾಡಿಕೊಂಡಿದ್ದು ಇಳಿದು ಹೋಗುತ್ತಾನೆ. ಬೆಳಕು ಓರೆಯಾಗಿ ಬೀಳುವುದರಿಂದ ಗಾಳಿಯಲ್ಲಿ ಜಾಸ್ತಿ ದೂರ ಹಾದು ಬರಬೇಕು. ನೀಲಿ ದಾರಿಯಲ್ಲೇ ಚದುರಿಹೋಗುತ್ತದೆ. ನಮ್ಮ ತನಕ ಬರುವ ಹೊತ್ತಿಗೆ ಹಳದಿ, ಕೆಂಪೇ ಹೆಚ್ಚು. ಬೇಸಿಗೆಯಲ್ಲಾದರೆ ನಸುಕಿನಲ್ಲಿ ಎದ್ದು ಓಡಿ ಹಿಡಿಯಬೇಕಾದ ಆ ಬಂಗಾರದ ಬೆಳಕು ಈಗ ಊಟ ಮುಗಿಸಿ ನಿಧಾನಕ್ಕೆ ಹೋದವರಿಗೂ ಸಿಗುತ್ತದೆ.

ಕ್ಯಾಮೆರಾ ಮಾತ್ರ ಇದನ್ನು ಒಪ್ಪುವುದಿಲ್ಲ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೋದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ, "ಇಷ್ಟು ಹಳದಿ ಇರಲಿಕ್ಕಿಲ್ಲ, ಏನೋ ತಪ್ಪಾಗಿದೆ" ಅಂತ ತಾನೇ ತಿದ್ದಿ, ಬಂಗಾರವನ್ನು ತೊಳೆದು ಸ್ಟೀಲ್ ಪಾತ್ರೆ ಮಾಡಿ ಕೊಡುತ್ತದೆ. ಅದಕ್ಕೆ ಒಂದು ಉಪಾಯವಿದೆ. ಮೋಡದ ಚಿತ್ರ ಇರುವ ಗುರುತಿಗೆ ತಿರುಗಿಸಿಬಿಡುವುದು. ಬಿಸಿಲಲ್ಲಿ ನಿಂತು ಮೋಡ ಕವಿದಿದೆ ಅಂತ ಸುಳ್ಳು ಹೇಳಿದರೆ ಕ್ಯಾಮೆರಾ ನಿಜದ ಬಣ್ಣ ಕೊಡುತ್ತದೆ.

ಈ ಕಾಲವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಅನ್ನುವುದೇ ನನಗೊಂದು ಪೇಚು. ಪುಸ್ತಕಗಳಲ್ಲಿ ಶರತ್ಕಾಲ ಅನ್ನುತ್ತಾರೆ. ಆದರೆ ನಮ್ಮ ಶರದೃತು ಅಂದರೆ ಮಳೆ ನಿಂತು ತಿಳಿಯಾದ ಆಕಾಶ, ಬೆಳದಿಂಗಳು. ಅಲ್ಲಿ ಎಲೆ ಉದುರುವ ಮಾತೇ ಇಲ್ಲ. ಎಲೆ ಉದುರಬೇಕಾದರೆ ಹೇಮಂತ ದಾಟಿ ಶಿಶಿರಕ್ಕೆ ಬರಬೇಕು. ಚಳಿ ನಾಡಿನ ಮರಗಳು ನಮ್ಮ ಪಂಚಾಂಗ ನೋಡಿ ಉದುರುವುದಿಲ್ಲ, ಏನು ಮಾಡೋಣ. ಕಾಲದ ಹೆಸರು ಹೊಂದದಿದ್ದರೂ ಎಲೆಯ ಹೆಸರು ಚೆನ್ನಾಗಿ ಹೊಂದುತ್ತದೆ. ಹಣ್ಣೆಲೆ. ಕನ್ನಡದಲ್ಲಿ ಎಲೆ ಒಣಗುವುದಕ್ಕೆ ಮುಂಚೆ ಹಣ್ಣಾಗುತ್ತದೆ. ಇದಕ್ಕಿಂತ ಸರಿಯಾದ ಪದವನ್ನು ಸಸ್ಯವಿಜ್ಞಾನಿಗಳೂ ಕೊಡಲಾರರು ಅಂತ ನನ್ನ ನಂಬಿಕೆ.

ಯಾಕೆಂದರೆ ಆಗುವುದೂ ಅದೇ. ಹಗಲು ಚಿಕ್ಕದಾಗುತ್ತಾ ಬಂದ ಹಾಗೆ ಮರ ಅಂಗಡಿ ಮುಚ್ಚಲು ಶುರುಮಾಡುತ್ತದೆ. ಎಲೆಗೆ ಹಸಿರು ಕೊಡುವ ಕ್ಲೋರೋಫಿಲ್ ಒಡೆದುಹೋಗುತ್ತದೆ, ಹೊಸದು ತಯಾರಾಗುವುದಿಲ್ಲ. ಎಲೆಯೊಳಗಿನ ಸಾರಜನಕದಂಥ ಬೆಲೆಬಾಳುವ ಸರಕನ್ನು ಮರ ರೆಂಬೆಗಳಿಗೆ ವಾಪಸ್ ಎಳೆದುಕೊಳ್ಳುತ್ತದೆ. ಬಾಡಿಗೆ ಮನೆ ಖಾಲಿ ಮಾಡುವವರು ಬಲ್ಬನ್ನೂ ಬಿಚ್ಚಿಕೊಂಡು ಹೋಗುವ ಹಾಗೆ. ಹಸಿರು ಸರಿದಾಗ ಕಾಣುವ ಹಳದಿ ಹೊಸ ಬಣ್ಣವಲ್ಲ. ವಸಂತದಿಂದಲೂ ಅಲ್ಲೇ ಇತ್ತು, ಹಸಿರಿನ ಅಬ್ಬರದಲ್ಲಿ ಯಾರಿಗೂ ಕಂಡಿರಲಿಲ್ಲ. ಕೆಂಪಿನ ಕಥೆ ಬೇರೆ. ಅದನ್ನು ಮರ ಹೊರಡುವ ಹೊತ್ತಿನಲ್ಲಿ ಖರ್ಚು ಮಾಡಿ ಹೊಸದಾಗಿ ತಯಾರಿಸುತ್ತದೆ. ಹೇಗೂ ಬಿಸಾಡುವ ಎಲೆಗೆ ಬಣ್ಣ ಬಳಿಯುವುದು ಯಾಕೆ ಅಂತ ಬಲ್ಲವರಲ್ಲಿ ಇನ್ನೂ ವಾದ ನಡೆದಿದೆ. ಸಾಮಾನು ಸಾಗಿಸುವ ತನಕ ಬಿಸಿಲಿಗೆ ಕೊಡೆ ಹಿಡಿದ ಹಾಗೆ ಅನ್ನುವವರಿದ್ದಾರೆ. ಹುಳುಗಳಿಗೆ "ಈ ಕಡೆ ಬರಬೇಡಿ" ಅಂತ ತೋರಿಸುವುದು ಅನ್ನುವವರೂ ಇದ್ದಾರೆ.

ಎಲೆ ಬೀಳಿಸಿದ್ದಕ್ಕೆ ನಾವು ಗಾಳಿಯನ್ನು ಬೈಯುತ್ತೇವೆ. ನಾನೂ ಬೆಳಿಗ್ಗೆ ಎದ್ದು ಬೈದೆ. ನಿಜವಾಗಿ ಬಾಗಿಲು ಹಾಕಿದ್ದು ಮರವೇ. ತೊಟ್ಟು ರೆಂಬೆಗೆ ಸೇರುವ ಜಾಗದಲ್ಲಿ ಒಂದು ತೆಳು ಪದರ ಸಡಿಲವಾಗುತ್ತದೆ, ಅದರ ಹಿಂದೆ ಗಾಯಕ್ಕೆ ಹೊಪ್ಪಳೆ ಕಟ್ಟಿದ ಹಾಗೆ ಇನ್ನೊಂದು ಪದರ ಕಟ್ಟಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ಗಾಳಿ ಬಂದು ಸುಮ್ನೆ ಕೆಟ್ಟ ಹೆಸರು ತೆಗೆದುಕೊಳ್ಳುತ್ತದೆ.

ಆ ಜಾಗವನ್ನು ಹತ್ತಿರದಿಂದ ನೋಡಬೇಕಾದರೆ ಹಾರ್ಸ್ ಚೆಸ್ಟ್‌ನಟ್ ಮರದ ರೆಂಬೆ ನೋಡಬೇಕು. ಒಂದು ರೆಂಬೆ ನನ್ನ ಎದೆಯ ಮಟ್ಟಕ್ಕೆ ಬಾಗಿತ್ತು. ಎಲೆ ಕಳಚಿದ ಪ್ರತಿ ಜಾಗದಲ್ಲೂ ಕುದುರೆ ಲಾಳದ ಆಕಾರದ ಗುರುತು. ಅದರೊಳಗೆ ಮೊಳೆ ಹೊಡೆದಂತೆ ಸಾಲಾಗಿ ಏಳು ಚುಕ್ಕಿ. ಎಲೆಗೆ ನೀರು ಹೋಗುತ್ತಿದ್ದ, ಎಲೆಯಿಂದ ಆಹಾರ ಬರುತ್ತಿದ್ದ ನಾಳಗಳ ಮುಚ್ಚಿದ ಬಾಯಿಗಳು ಅವು. ಲಾಳದ ಮೇಲ್ಗಡೆಗೇ ಕಂದು ಬಣ್ಣದ ಒಂದು ಮೊಗ್ಗು. ಮುಟ್ಟಿದರೆ ಬೆರಳಿಗೆ ಅಂಟಂಟು. ಬರುವ ವಸಂತದ ಎಲೆಗಳು ಆಗಲೇ ಅದರೊಳಗೆ ಮಡಚಿ ಕೂತಿವೆ. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತಿತ್ತು ಅನ್ನುವ ಗಾದೆ ಇದೆಯಲ್ಲ, ಇಲ್ಲಿ ಚಿಗುರೆಲೆ ನಗುವಂತಿಲ್ಲ. ಬಾಯಿಗೆ ಗೋಂದು ಹಾಕಿ ಮುಚ್ಚಿಬಿಟ್ಟಿದೆ.

ಈ ಒಂದು ಲಾಳಕ್ಕೆ ಹದಿನಾಲ್ಕು ಫೋಟೋ ಆಯಿತು. ಇಷ್ಟು ಹತ್ತಿರದಿಂದ ತೆಗೆಯುವಾಗ ಕೂದಲೆಳೆಯಷ್ಟು ಆಳ ಮಾತ್ರ ಸ್ಪಷ್ಟವಾಗಿ ಬರುತ್ತದೆ. ಮೊಗ್ಗು ಸರಿಯಾದರೆ ಚುಕ್ಕಿ ಮಸುಕು, ಚುಕ್ಕಿ ಸರಿಯಾದರೆ ಮೊಗ್ಗು ಮಸುಕು. ಉಸಿರು ಬಿಗಿಹಿಡಿದು ನಿಂತರೆ ರೆಂಬೆ ಅಲ್ಲಾಡುತ್ತದೆ, ರೆಂಬೆ ನಿಂತಾಗ ನನ್ನ ಉಸಿರು ತಡೆಯುವುದಿಲ್ಲ.

ಅಕ್ಕ ಬಂದಿದ್ದು ನಡೆಯುವುದಕ್ಕೆ. ಅವಳ ಕೈಗಡಿಯಾರ ಹೆಜ್ಜೆ ಎಣಿಸುತ್ತದೆ, ಸಂಜೆಯೊಳಗೆ ಲೆಕ್ಕ ಒಪ್ಪಿಸಬೇಕು. ಫೋಟೋ ವಾಕ್ ಅಂತ ಕರೆದಾಗ 'ವಾಕ್' ಒಂದೇ ಅವಳ ಕಿವಿಗೆ ಬಿದ್ದಿತ್ತು. ಆ ಹೆಸರಿನಲ್ಲೇ ಮೋಸವಿದೆ ಅಂತ ಅವಳಿಗೆ ಗೇಟು ದಾಟಿ ಅರ್ಧ ಗಂಟೆಯೊಳಗೆ ತಿಳಿಯಿತು. ನಾನು ಹಾರ್ಸ್ ಚೆಸ್ಟ್‌ನಟ್ ಮುಗಿಸುವಷ್ಟರಲ್ಲಿ ಅವಳು ಕೊಳವನ್ನು ಎರಡು ಸುತ್ತು ಬಂದಿದ್ದಳು.

"ಗಾಣದೆತ್ತಿನ ಹಾಗೆ ಸುತ್ತುತಾ ಇದೀನಿ. ಆಯ್ತಾ?"

"ಇನ್ನೊಂದೇ ಒಂದು."

"ಅದೇ ರೆಂಬೆ ತಾನೇ? ಎಲ್ಲಿಗೆ ಹೋಗುತ್ತೆ ಅದು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಬಿಸಿಲು ಹೋಗುತ್ತದೆ. ಹೋಯಿತು ಕೂಡ.

ಪಾರ್ಕಿಗೂ ಬೊಟಾನಿಕಲ್ ಗಾರ್ಡನ್ನಿಗೂ ಏನು ವ್ಯತ್ಯಾಸ ಅಂತ ಯಾರಾದರೂ ಕೇಳಿದರೆ ನಾನು ಬೋರ್ಡು ಅನ್ನುತ್ತೇನೆ. ಪಾರ್ಕಿನ ಮರ ಬರೀ ಮರ. ಇಲ್ಲಿಯ ಮರಕ್ಕೆ ಕಾಗದಪತ್ರ ಇದೆ. ಬೋರ್ಡಿನಲ್ಲಿ ಮನೆತನದ ಹೆಸರು, ಎರಡು ಪದದ ಲ್ಯಾಟಿನ್ ಹೆಸರು, ಯಾವ ಸೀಮೆಯದು ಅನ್ನುವುದು, ಮೂಲೆಯಲ್ಲಿ ಒಂದು ಸಣ್ಣ ನಂಬರು. ಎಷ್ಟೋ ಬೋರ್ಡುಗಳಲ್ಲಿ ಲ್ಯಾಟಿನ್ ಹೆಸರಿನ ಬಾಲಕ್ಕೆ ಹೆಸರಿಟ್ಟವರ ಗುರುತೂ ಇರುತ್ತದೆ. ಬರೀ 'ಎಲ್' ಅಂತ ಒಂದೇ ಅಕ್ಷರ ಇದ್ದರೆ ಅದು ಲಿನೇಯಸ್. 1753ರಲ್ಲಿ ಆಗ ಗೊತ್ತಿದ್ದ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರಿಟ್ಟು ಪಟ್ಟಿ ಮಾಡಿಕೊಟ್ಟ ಸ್ವೀಡನ್ನಿನ ಮನುಷ್ಯ. ಅದಕ್ಕೂ ಮೊದಲು ಒಂದು ಗಿಡದ ಹೆಸರು ಹೇಳಿ ಮುಗಿಸಲು ಒಂದು ಸಾಲೇ ಬೇಕಾಗುತ್ತಿತ್ತು. ಬೇರೆ ವಿಜ್ಞಾನಿಗಳ ಗುರುತಿಗೆ ಒಂದಕ್ಕಿಂತ ಹೆಚ್ಚು ಅಕ್ಷರ ಬೇಕು. ಅವನಿಗೆ ಒಂದೇ ಸಾಕು. ಊರಲ್ಲಿ ಬರೀ "ಮೇಷ್ಟ್ರು" ಅಂದರೆ ಯಾರು ಅಂತ ಗೊತ್ತಾಗುತ್ತದಲ್ಲ, ಹಾಗೆ.

ಮೂಲೆಯ ನಂಬರಿನಲ್ಲಿ ಮಜಾ ಇದೆ. ಬಹಳ ತೋಟಗಳಲ್ಲಿ ಅದರ ಮೊದಲ ನಾಲ್ಕು ಅಂಕಿ ಆ ಗಿಡ ತೋಟಕ್ಕೆ ಬಂದ ವರ್ಷ. ಇದನ್ನು ಹೇಳಿದ ಮೇಲೆ ಅಕ್ಕನಿಗೂ ಬೋರ್ಡಿನ ಹುಚ್ಚು ಸ್ವಲ್ಪ ಹತ್ತಿತು. ಹೆಸರು ಬಿಟ್ಟು ಬರೀ ನಂಬರು ಓದುತ್ತಾ ಹೋದಳು. ಕೊನೆಗೆ ಅವಳು ಹುಟ್ಟಿದ ವರ್ಷದ್ದೇ ಒಂದು ಮರ ಸಿಕ್ಕಿತು. ಪೇಪರ್‌ಬಾರ್ಕ್ ಮೇಪಲ್. ಎಲೆ ಒಂದೂ ಇಲ್ಲ. ಕಾಂಡದ ತುಂಬ ದಾಲ್ಚಿನ್ನಿ ಬಣ್ಣದ ತೊಗಟೆ ಕಾಗದದ ಹಾಗೆ ಸುರುಳಿ ಸುರುಳಿಯಾಗಿ ಎದ್ದಿದೆ. ಓರೆ ಬಿಸಿಲು ಹಿಂದಿನಿಂದ ಬಿದ್ದು ಒಂದೊಂದು ಸುರುಳಿಯೂ ಒಳಗೆ ದೀಪ ಹಚ್ಚಿಟ್ಟ ಹಾಗೆ ಹೊಳೆಯುತ್ತಿತ್ತು. ಎಲೆ ಇದ್ದಿದ್ದರೆ ಆ ಬಿಸಿಲು ಕಾಂಡದ ತನಕ ಬರುತ್ತಲೇ ಇರಲಿಲ್ಲ.

ಅಕ್ಕ ಬೋರ್ಡು ನೋಡಿದಳು, ಮರ ನೋಡಿದಳು. "ಪಾಪ, ಚರ್ಮ ಎಲ್ಲ ಸುಲಿದುಹೋಗಿದೆ. ಕ್ರೀಮ್ ಹಚ್ಚೋರು ಯಾರೂ ಇಲ್ಲ."

ಅವತ್ತಿನ 287ರಲ್ಲಿ ಅಕ್ಕ ಇರುವ ಫೋಟೋ ಅದೊಂದೇ. ಮರದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾಳೆ. ನಗು ಅಂದರೆ ನಕ್ಕಿಲ್ಲ.

ಈ ಬೋರ್ಡಿನ ಪದ್ಧತಿ ಅಲಂಕಾರಕ್ಕೆ ಹುಟ್ಟಿದ್ದಲ್ಲ. ಇಟಲಿಯ ಪಾದುವಾದಲ್ಲಿ 1545ರಲ್ಲಿ ಶುರುವಾದ ತೋಟ ಇವತ್ತಿಗೂ ಅದೇ ಜಾಗದಲ್ಲಿದೆ. ಅದನ್ನು ಮಾಡಿದ್ದು ವಿಶ್ವವಿದ್ಯಾಲಯದಲ್ಲಿ ವೈದ್ಯ ಓದುವ ಹುಡುಗರಿಗಾಗಿ. ಯಾವುದು ಮದ್ದು, ಅದರ ಹಾಗೇ ಕಾಣುವ ಯಾವುದು ವಿಷ ಅಂತ ಗಿಡದ ಮುಂದೆ ನಿಂತು ಕಲಿಯಬೇಕಿತ್ತು. ಹೆಸರು ತಪ್ಪಿದರೆ ಮಾರ್ಕು ಹೋಗುವುದಷ್ಟೇ ಅಲ್ಲ, ಮುಂದೊಂದು ದಿನ ರೋಗಿಯೂ ಹೋಗುತ್ತಿದ್ದ. ಅಲ್ಲಿ ಗಿಡ ಕದಿಯುವವರ ಕಾಟ ಜಾಸ್ತಿಯಾಗಿ ಸುತ್ತ ದುಂಡಗೆ ಗೋಡೆ ಕಟ್ಟಿಸಿದರಂತೆ. ಅದೇ ತೋಟದಲ್ಲಿ 1585ರಲ್ಲಿ ನೆಟ್ಟ ಒಂದು ತಾಳೆ ಜಾತಿಯ ಗಿಡ ಇನ್ನೂ ಬದುಕಿದೆ. ಅದರ ಮುಂದೆ ನಿಂತು ಇಷ್ಟು ವರ್ಷಗಳಲ್ಲಿ ಎಷ್ಟು ಜನ "ಆಯ್ತಾ?" ಅನ್ನಿಸಿಕೊಂಡಿರಬಹುದು.

ಮರಗಳ ಭಾಗ ದಾಟಿದರೆ ಹೂವಿನ ಪಾತಿಗಳು. ಮೊದಲೇ ಹೇಳಿದೆನಲ್ಲ, ನಟರು ಬರಲಿಲ್ಲ ಅಂತ, ಅದು ಇಲ್ಲಿ. ಬೇಸಿಗೆಯಲ್ಲಿ ಸೊಂಟದ ಎತ್ತರಕ್ಕೆ ಬೆಳೆದು ದಾರಿಗೆ ಬಾಗುವ ಗಿಡಗಳಲ್ಲಿ ಹೆಚ್ಚಿನವು ಚಳಿ ಶುರುವಾದ ಕೂಡಲೇ ಮೇಲಿನದೆಲ್ಲ ಬಿಟ್ಟುಕೊಟ್ಟು ಬೇರಿಗೆ, ಗಡ್ಡೆಗೆ ಇಳಿದುಬಿಡುತ್ತವೆ. ಮಾಲಿಗಳು ಒಣಗಿದ ದಂಟು ಕತ್ತರಿಸಿ, ಮೇಲೆ ತರಗೆಲೆಯ ಗೊಬ್ಬರ ಹರಡಿ ಹೋಗಿದ್ದರು. ಉಳಿದದ್ದು ಕಪ್ಪು ಮಣ್ಣು ಮತ್ತು ಬೋರ್ಡುಗಳು. ಸಾಲಿಗೆ ಹದಿನೈದಿಪ್ಪತ್ತು. ಎಲ್ಲವೂ ದಾರಿಯ ಕಡೆ ಮುಖ ಮಾಡಿ ಸ್ವಲ್ಪ ಹಿಂದಕ್ಕೆ ವಾಲಿಕೊಂಡು. ಮೇಷ್ಟ್ರು ಹಾಜರಿ ಕೂಗುತ್ತಿದ್ದಾರೆ, ಕ್ಲಾಸಿನಲ್ಲಿ ಒಬ್ಬರೂ ಇಲ್ಲ.

ನಾನು ಎಲ್ಲವನ್ನೂ ತೆಗೆದೆ. ಪಿಯೋನಿ, ಇಲ್ಲ. ಡೆಲ್ಫಿನಿಯಂ, ಇಲ್ಲ. ಹೋಸ್ಟಾ, ಇಲ್ಲ. ಒಂದು ಬೋರ್ಡಿನ ಮೇಲೆ ಬಸವನಹುಳು ಹತ್ತಿ, ಹೆಸರಿನ ಮೊದಲ ಎರಡು ಅಕ್ಷರದ ಮೇಲೆ ಕೂತಿತ್ತು. ಅದು ಆ ಗಿಡದ್ದೇ ಎಲೆ ತಿಂದು ಬೆಳೆದದ್ದಿರಬೇಕು. ಇನ್ನೊಂದು ಬೋರ್ಡಿನ ನೆರಳು, ಸೂರ್ಯ ಅಷ್ಟು ಕೆಳಗಿದ್ದದ್ದರಿಂದ, ಗಿಡ ಇರಬೇಕಾದ ಜಾಗವನ್ನೆಲ್ಲ ಆವರಿಸಿ ಆಚೆಯ ಪಾತಿಯ ತನಕ ಚಾಚಿತ್ತು. ಇವೆರಡೂ ನಿಜವಾಗಿ ಒಳ್ಳೆಯ ಫೋಟೋಗಳು. ಅಕ್ಕ ಮಾತ್ರ ದಾರಿಯಲ್ಲಿ ಹೋಗುತ್ತಿದ್ದವರಿಗೆ ಕೇಳಿಸದ ಹಾಗೆ ಅಂದಳು, "ಖಾಲಿ ಮಣ್ಣಿನ ಫೋಟೋ ತೆಗೀತಾ ಇದೀಯ, ಜನ ನೋಡ್ತಿದಾರೆ ಕಣೇ."

ಹೆಸರಿದ್ದು ಗಿಡ ಇಲ್ಲದಿರುವುದು ಅಷ್ಟೇನೂ ಅವಮಾನದ ಸಂಗತಿಯಲ್ಲ ಅಂತ ಅವಳಿಗೆ ಹೇಳಲು ಹೊರಟೆ. ಕೊಳದ ಆಚೆ ದಡದಲ್ಲೇ ಅದಕ್ಕೆ ಸಾಕ್ಷಿ ನಿಂತಿತ್ತು. ಮೆಟಾಸಿಕೋಯ. ಈ ಮರಕ್ಕೆ ಮೊದಲು ಹೆಸರು ಬಂತು, ಆಮೇಲೆ ಮರ ಸಿಕ್ಕಿತು. 1941ರಲ್ಲಿ ಶಿಗೆರು ಮಿಕಿ ಅನ್ನುವ ಜಪಾನಿನ ವಿಜ್ಞಾನಿ ಹಳೆಯ ಪಳೆಯುಳಿಕೆಗಳನ್ನು ನೋಡಿ ಇದು ಬೇರೆಯೇ ಜಾತಿ ಅಂತ ಹೆಸರಿಟ್ಟ. ಲಕ್ಷಾಂತರ ವರ್ಷಗಳ ಹಿಂದೆ ಸತ್ತುಹೋದ ಮರ ಅಂತಲೇ ಲೆಕ್ಕ. ಅದೇ ದಶಕದಲ್ಲಿ ಚೀನಾದ ಒಂದು ಮೂಲೆಯ ಕಣಿವೆಯಲ್ಲಿ ಜೀವಂತ ಮರ ಸಿಕ್ಕಿತು. ಅಲ್ಲಿಯ ಜನಕ್ಕೆ ಅದು ಸತ್ತಿರುವ ವಿಷಯವೇ ಗೊತ್ತಿರಲಿಲ್ಲ. 1948ರಲ್ಲಿ ಅದರ ಬೀಜಗಳನ್ನು ದೇಶ ದೇಶಗಳ ತೋಟಗಳಿಗೆ ಹಂಚಿದರು. ಇವತ್ತು ಚಳಿ ನಾಡಿನ ಬೊಟಾನಿಕಲ್ ಗಾರ್ಡನ್ನುಗಳಲ್ಲಿ ಇದು ಇಲ್ಲದ್ದನ್ನು ಹುಡುಕಬೇಕು.

ಸೂಜಿಯಂಥ ಎಲೆಯ ಮರಗಳು ಸಾಮಾನ್ಯವಾಗಿ ವರ್ಷವಿಡೀ ಹಸಿರು. ಇದು ಮಾತ್ರ ಆ ಗುಂಪಿನಲ್ಲಿದ್ದೂ ಎಲೆ ಉದುರಿಸುವ ಕೆಲವೇ ಮರಗಳಲ್ಲಿ ಒಂದು. ತುದಿಯಲ್ಲಿ ಇನ್ನೂ ಸ್ವಲ್ಪ ತುಕ್ಕಿನ ಬಣ್ಣ ಉಳಿದಿತ್ತು. ಕೆಳಗೆ ಸಣ್ಣ ಗರಿಗಳ ಹಾಗೆ ಉದುರಿ, ದಾರಿಯೆಲ್ಲ ಯಾರೋ ಕಂದು ಕಂಬಳಿ ಬಿಡಿಸಿ ಒದರಿದ ಹಾಗಿತ್ತು.

ಗಿಂಕೋ ಮರದ ಹತ್ತಿರ ಜನ ಇದ್ದರು. ಇದೊಂದು ಮರ ಬೇರೆಯವುಗಳ ಹಾಗೆ ವಾರಗಟ್ಟಲೆ ಒಂದೊಂದೇ ಎಲೆ ಬಿಡುವ ಜಿಪುಣತನ ಮಾಡುವುದಿಲ್ಲ. ತೊಟ್ಟುಗಳೆಲ್ಲ ಒಟ್ಟಿಗೇ ತಯಾರಾಗಿ ಕೂತಿರುತ್ತವೆ. ಒಂದು ಗಟ್ಟಿ ಚಳಿ ರಾತ್ರಿ ಬಂದರೆ ಬೆಳಗಾಗುವಾಗ ಎಲ್ಲವೂ ಸುರಿದುಬಿಡುತ್ತವೆ. ಬೀಸಣಿಗೆಯ ಆಕಾರದ ಹಳದಿ ಎಲೆಗಳು ಬುಡದ ಸುತ್ತ ಒಂದು ದುಂಡು ಬಿಡಿಸಿದ್ದವು. ಮೇಲಿನ ಕೊಂಬೆಗಳು ಎಲ್ಲಿ ಮುಗಿಯುತ್ತವೋ ನೆಲದ ಹಳದಿಯೂ ಸರಿಸುಮಾರು ಅಲ್ಲೇ ಮುಗಿದಿತ್ತು. ಒಳ್ಳೆಯ ಜಾಗ ನೋಡಿ ಮಂಡಿಯೂರಿದೆ. ಆಗ ವಾಸನೆ ಬಂತು. ಗಿಂಕೋದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೆಣ್ಣು ಮರದ ಬೀಜದ ಮೇಲಿನ ತಿರುಳಿನಲ್ಲಿ ಬ್ಯುಟಿರಿಕ್ ಆಮ್ಲ ಇರುತ್ತದೆ. ಕೆಟ್ಟುಹೋದ ಬೆಣ್ಣೆಗೆ ಆ ನಾತ ಕೊಡುವುದೂ ಅದೇ. ನಾನು ಮಂಡಿಯೂರಿದ್ದು ಸರಿಯಾಗಿ ಎರಡು ಬೀಜಗಳ ಮೇಲೆ. ಫೋಟೋ ಬಹಳ ಚೆನ್ನಾಗಿ ಬಂದಿದೆ. ಅಕ್ಕ ಅಲ್ಲಿಂದ ಮುಂದೆ ನನ್ನಿಂದ ಹತ್ತು ಹೆಜ್ಜೆ ದೂರದಲ್ಲೇ ನಡೆದಳು. ಅವಳ ಲೆಕ್ಕಕ್ಕೆ ಅದೂ ಸೇರಿತು.

ಚಳಿ ತಡೆಯಲಾರದೆ ಗಾಜಿನ ಮನೆಗೆ ನುಗ್ಗಿದೆವು. ಬುದ್ಧಿ ಇರುವವರು ಹಾಗೆ ಮಾಡುವುದಿಲ್ಲ. ಕೊರೆಯುವ ಚಳಿಯಿಂದ ಬಂದ ಲೆನ್ಸು ಬಿಸಿ ಹಬೆಯ ಗಾಳಿಗೆ ತಾಗಿದ ತಕ್ಷಣ ಬೆಳ್ಳಗೆ ಮಂಜುಗಟ್ಟಿತು. ಮಫ್ಲರಿನಿಂದ ಒರೆಸಿದೆ, ಮತ್ತೆ ಮಂಜು. ಗಾಜು ಒಳಗಿನ ಗಾಳಿಯಷ್ಟೇ ಬೆಚ್ಚಗಾಗುವ ತನಕ ಕಾಯಬೇಕು, ಒರೆಸಿದರೆ ಗೀರು ಬೀಳುವುದೊಂದೇ ಲಾಭ. ಕ್ಯಾಮೆರಾವನ್ನು ಚೀಲದೊಳಗೆ ಮುಚ್ಚಿಟ್ಟು ತಂದು, ನಿಧಾನಕ್ಕೆ ತೆಗೆಯಬೇಕಿತ್ತು. ಗೊತ್ತಿತ್ತು. ಹೋದ ವರ್ಷವೂ ಗೊತ್ತಿತ್ತು. ಪಕ್ಕದಲ್ಲಿ ಅಕ್ಕನ ಕನ್ನಡಕಕ್ಕೂ ಅದೇ ಗತಿಯಾಗಿ ಇಬ್ಬರೂ ಕುರುಡರ ಹಾಗೆ ಬಾಗಿಲಲ್ಲೇ ನಿಂತೆವು. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಕೇಳುತ್ತಿತ್ತು.

ಮಂಜು ಕರಗಿದ ಮೇಲೆ ನೋಡಿದರೆ ಎದುರಿಗೆ ದೊಡ್ಡ ಕೊಳ. ಕೊಳದಲ್ಲಿ ನೀರು, ನೀರಿನ ಅಂಚಿನಲ್ಲಿ ಒಂದು ಬೋರ್ಡು. ವಿಕ್ಟೋರಿಯಾ ಅನ್ನುವ, ಪರಾತದ ಹಾಗೆ ಅಂಚು ಎತ್ತಿದ ಎಲೆಯ ನೈದಿಲೆ ಜಾತಿಯ ಗಿಡದ್ದು. ಹಗಲು ಚಿಕ್ಕದಾದ ಮೇಲೆ ಚಳಿ ನಾಡುಗಳಲ್ಲಿ ಅದು ಬಾಳುವುದು ಕಷ್ಟ, ಎಷ್ಟೋ ಕಡೆ ಪ್ರತಿ ವರ್ಷ ಬೀಜದಿಂದಲೇ ಹೊಸದಾಗಿ ಬೆಳೆಸುತ್ತಾರೆ. ಅದೂ ರಜೆಯಲ್ಲಿತ್ತು. 1849ರಲ್ಲಿ ಇಂಗ್ಲೆಂಡಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಇದನ್ನು ಹೂ ಬಿಡಿಸಿದಾಗ, ಎಲೆ ಎಷ್ಟು ಭಾರ ಹೊರುತ್ತದೆ ಅಂತ ತೋರಿಸಲು ತನ್ನ ಪುಟ್ಟ ಮಗಳನ್ನೇ ಅದರ ಮೇಲೆ ನಿಲ್ಲಿಸಿದ್ದ ಅಂತ 'ಖಾಲಿ' ಕೊಳದ ಮುಂದೆ ನಿಂತು ಅಕ್ಕನಿಗೆ ಹೇಳಿದೆ.

"ನನ್ನ ಕಡೆ ನೋಡಬೇಡ" ಅಂದಳು.

ಹೊರಗೆ ಬರುವಾಗ ನಾಲ್ಕು ಗಂಟೆ. ಬೆಳಕು ಮುಗಿದಿತ್ತು, ಬ್ಯಾಟರಿಯೂ ಚಳಿಗೆ ಸೊರಗಿ ಕೊನೆಯ ಗೆರೆಗೆ ಬಂದಿತ್ತು. ಗೇಟಿನ ತನಕ ಸಿಮೆಂಟಿನ ದಾರಿ. ಅದರ ಮೇಲೆ ಅಲ್ಲಲ್ಲಿ ಎಲೆಗಳು ಬಿದ್ದಿವೆ ಅಂದುಕೊಂಡೆ. ಬಗ್ಗಿದರೆ ಎಲೆ ಇಲ್ಲ, ಎಲೆಯ ಕಲೆ. ಮಳೆಯಲ್ಲಿ ನೆನೆದು ನೆಲಕ್ಕೆ ಅಂಟಿಕೊಂಡಿದ್ದ ಎಲೆಗಳ ಒಗರು, ಅಂದರೆ ಟ್ಯಾನಿನ್, ಸಿಮೆಂಟಿಗೆ ಇಳಿದಿದೆ. ಆಮೇಲೆ ಎಲೆ ಹಾರಿಹೋಗಿದೆ, ಅಚ್ಚು ಉಳಿದಿದೆ. ಓಕ್ ಎಲೆಯ ಅಲೆಯಲೆಯಾದ ಅಂಚು, ಮೇಪಲ್ಲಿನ ಐದು ಬೆರಳು, ತೊಟ್ಟು ಬಾಗಿದ್ದ ಕಡೆ ಬಾಗಿದ ಗೆರೆ. ಒಂದರಲ್ಲಂತೂ ನಡುವಿನ ನರ, ಅದರಿಂದ ಎರಡೂ ಕಡೆ ಹೊರಟ ಸಣ್ಣ ನರಗಳು, ಹುಳು ತಿಂದ ತೂತು, ಎಲ್ಲವೂ ಇತ್ತು. ಬೆರಳಿಂದ ಉಜ್ಜಿದರೆ ಹೋಗಲಿಲ್ಲ.

ಫೋಟೋಗ್ರಫಿಯ ಮೊದಲ ದಿನಗಳಲ್ಲಿ ಹೀಗೇ ಮಾಡುತ್ತಿದ್ದರು. ಆನಾ ಅಟ್ಕಿನ್ಸ್ ಅನ್ನುವ ಇಂಗ್ಲಿಷ್ ಹೆಂಗಸು ಸಮುದ್ರದ ಪಾಚಿಗಳನ್ನು ಮದ್ದು ಬಳಿದ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು, ನೀರಲ್ಲಿ ತೊಳೆದು, ನೀಲಿ ಹಿನ್ನೆಲೆಯಲ್ಲಿ ಬಿಳಿಯ ಅಚ್ಚುಗಳನ್ನು ತೆಗೆದಳು. ಕ್ಯಾಮೆರಾ ಇಲ್ಲ, ಲೆನ್ಸಿಲ್ಲ. 1843ರಿಂದ ಅವನ್ನು ಕಂತು ಕಂತಾಗಿ ಪುಸ್ತಕ ಮಾಡಿ ಹೊರತಂದಳು. ಫೋಟೋಗಳಿರುವ ಮೊದಲ ಪುಸ್ತಕ ಅದೇ ಅನ್ನುತ್ತಾರೆ. ಒಂದೊಂದು ಪಾಚಿಯ ಕೆಳಗೂ ಅದರ ಲ್ಯಾಟಿನ್ ಹೆಸರು, ಅದೂ ಅದೇ ಬಿಸಿಲಿನಲ್ಲಿ ಅಚ್ಚಾದದ್ದು. ನೋಡಿ, ಬೋರ್ಡನ್ನೂ ಜೊತೆಗೇ ಫೋಟೋ ಹಿಡಿಯುವ ಹುಚ್ಚು ನನಗೊಬ್ಬಳಿಗೇ ಇರುವುದಲ್ಲ.

ಸಿಮೆಂಟಿನ ಕಲೆಗಳ ಫೋಟೋ ಮೂರು ತೆಗೆಯುವಷ್ಟರಲ್ಲಿ ಬ್ಯಾಟರಿ ಕೈಕೊಟ್ಟಿತು. ಬೋರ್ಡುಗಳಿಗೆ ಖರ್ಚು ಮಾಡದೆ ಉಳಿಸಿಕೊಂಡಿದ್ದರೆ ಇನ್ನೂ ಮೂವತ್ತು ತೆಗೆಯಬಹುದಿತ್ತು. ಇದನ್ನು ಅಕ್ಕನಿಗೆ ಹೇಳಿಲ್ಲ.

ಮನೆಗೆ ಬಂದು ನಾನು ಎಣಿಸುತ್ತಾ ಕೂತಿದ್ದಾಗ ಅವಳು ಕೋಟಿನ ಜೇಬಿನಿಂದ ಒಂದು ಎಲೆ ತೆಗೆದು ಕೀಬೋರ್ಡಿನ ಮೇಲಿಟ್ಟಳು. ಒಂದು ಅಂಚು ಕೆಂಪು, ಒಂದು ಅಂಚು ಇನ್ನೂ ಹಸಿರು, ನಡುವೆ ಹಳದಿ. ದಿನವಿಡೀ ಹುಡುಕಿದರೂ ನನಗೆ ಅಂಥದ್ದೊಂದು ಕಣ್ಣಿಗೆ ಬಿದ್ದಿರಲಿಲ್ಲ.

"ಇದು ಯಾವ ಮರದ್ದು ಹೇಳು ನೋಡೋಣ. ಅಷ್ಟೊಂದು ಬೋರ್ಡ್ ತೆಗೆದಿದೀಯಲ್ಲ."

131 ಬೋರ್ಡುಗಳನ್ನು ಮೊದಲಿನಿಂದ ನೋಡುತ್ತಾ ಬಂದೆ. ಎಲೆಯನ್ನು ಪರದೆಗೆ ಹಿಡಿದು ಹೋಲಿಸಿದೆ. ಇದಿರಬಹುದು ಅನ್ನಿಸಿದ ಕಡೆಯಲ್ಲೆಲ್ಲ ಬೋರ್ಡಿನ ನಂತರ ಬೋಳು ಕೊಂಬೆ. ಅರ್ಧ ಗಂಟೆಯಾದ ಮೇಲೆ ಕೇಳಿದೆ, "ಎಲ್ಲಿ ಎತ್ಕೊಂಡೆ ಇದನ್ನ?"

"ಕಾರ್ ಪಾರ್ಕಿಂಗಲ್ಲಿ. ನಮ್ಮ ಕಾರಿನ ವೈಪರ್‌ಗೆ ಸಿಕ್ಕಿಕೊಂಡಿತ್ತು."

ಅಷ್ಟು ಹೇಳಿ, ಎಲೆಯನ್ನು ಸೆರಗಿನ ತುದಿಯಿಂದ ಒರೆಸಿ, ಓದುತ್ತಿದ್ದ ಪುಸ್ತಕದ ಪುಟ ಗುರುತಿಗೆ ಇಟ್ಟುಕೊಂಡು ಮಲಗಲು ಹೋದಳು.